ಅಪ್ಪನ ಖೋಲಿಯ ದಾಖಲೆ ಯಾವ ಕಚೇರಿಯಲ್ಲಿದೆ?

ಪ್ರಶ್ನೆ: ನಮ್ಮ ತಂದೆ ಕುಂದಾಪುರದ ಕಡೆಯವರು. 1968ರಲ್ಲಿ ಪರೇಲ್‌ನ ಒಂದು ಚಾಳಿನಲ್ಲಿ (ಸಾಲು ಕೋಣೆಗಳ ಬಾಡಿಗೆ ಕಟ್ಟಡ) ಪಗಡಿ, ಅಂದರೆ ಬಾಡಿಗೆ ಹಕ್ಕಿಗಾಗಿ ಮೊದಲೇ ಕೊಡುವ ದೊಡ್ಡ ಮೊತ್ತ, ಕೊಟ್ಟು ಖೋಲಿ (ಕೋಣೆ) ಹಿಡಿದರು. ನಾನು ಹುಟ್ಟಿ ಬೆಳೆದದ್ದು ಅಲ್ಲೇ. 2009ರಲ್ಲಿ ತಂದೆ ತೀರಿಕೊಂಡರು. ತಾಯಿ ಈಗಲೂ ಆ ಖೋಲಿಯಲ್ಲಿದ್ದಾರೆ. ನಾನು ಮದುವೆಯಾಗಿ ಡೊಂಬಿವಲಿಯಲ್ಲಿದ್ದೇನೆ. ಕಟ್ಟಡ ಈಗ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ. ಬಿಲ್ಡರ್ ತೋರಿಸಿದ ಪಟ್ಟಿಯಲ್ಲಿ ನಮ್ಮ ಖೋಲಿಯ ಮುಂದೆ ಬೇರೆ ಯಾರದೋ ಹೆಸರಿದೆ. ಹಳೆಯ ಬಾಡಿಗೆ ರಸೀದಿಗಳೆಲ್ಲ 2005ರ ಜುಲೈ ಮಳೆಯಲ್ಲಿ ನೆಂದು ಹಾಳಾದವು. ಒಂದು ಸರ್ಕಾರಿ ಕಚೇರಿಗೆ ಹೋಗಿ ಕೇಳಿದೆ. "ಫೈಲ್ ಸಿಗುತ್ತಿಲ್ಲ. ಮರಾಠಿಯಲ್ಲಿ ಬರೆದುಕೊಡಿ, ಯಾಕೆ ಬೇಕು ಅಂತ ಕಾರಣವನ್ನೂ ಬರೆಯಿರಿ" ಎಂದರು. ನನಗೆ ಮರಾಠಿ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಹೊರಗೆ ನಿಂತಿದ್ದ ಏಜೆಂಟ್ ಒಬ್ಬ 25 ಸಾವಿರ ಕೊಟ್ಟರೆ ಸಾತ್‌ಬಾರಾ ಸಮೇತ ಎಲ್ಲ ತೆಗೆಸಿಕೊಡುತ್ತೇನೆ ಎನ್ನುತ್ತಾನೆ. ನಾವೇ ಆರ್‌ಟಿಐ ಹಾಕಬಹುದೇ? ಹಾಕಿದರೆ ಕಚೇರಿಯವರು ಸಿಟ್ಟಾಗಿ ಕೆಲಸ ಇನ್ನಷ್ಟು ಕೆಡಿಸುವುದಿಲ್ಲವೇ?

ಉತ್ತರ: ಮೊದಲು ಆ ಏಜೆಂಟನ ವಿಷಯ ಮುಗಿಸಿಬಿಡೋಣ. ಪರೇಲ್ ಇರುವುದು ಮುಂಬಯಿಯ ದ್ವೀಪ ನಗರದಲ್ಲಿ, ಅಂದರೆ ಕೊಲಾಬಾದಿಂದ ಮಾಹಿಮ್, ಸಯನ್‌ವರೆಗಿನ ಹಳೆಯ ಊರಿನಲ್ಲಿ. ಇಲ್ಲಿ ಜಾಗದ ದಾಖಲೆ ಎಂದರೆ ಪ್ರಾಪರ್ಟಿ ಕಾರ್ಡ್, ಸಾತ್‌ಬಾರಾ ಅಲ್ಲ. ಸಾತ್‌ಬಾರಾ ನಮ್ಮ ಪಹಣಿಯಂತೆ ಹಳ್ಳಿಯ ಜಮೀನಿಗೆ ಇರುವಂಥದ್ದು. ಪ್ರಾಪರ್ಟಿ ಕಾರ್ಡಿನಲ್ಲೂ ಜಾಗದ ಒಡೆಯರ ಹೆಸರು ಇರುತ್ತದೆಯೇ ಹೊರತು ಚಾಳಿನ ಬಾಡಿಗೆದಾರರ ಹೆಸರಲ್ಲ. ಪಗಡಿ ಖೋಲಿಗೆ ಸಾತ್‌ಬಾರಾ ತರುತ್ತೇನೆ ಎನ್ನುವವನಿಗೆ ಒಂದೋ ವಿಷಯ ಗೊತ್ತಿಲ್ಲ, ಇಲ್ಲವೇ ಖೋಟಾ ಕಾಗದ ಮಾಡಿಸುವ ದಾರಿ ಚೆನ್ನಾಗಿ ಗೊತ್ತಿದೆ. ಎರಡನೆಯದು ಜಾಸ್ತಿ ಅಪಾಯ. ನಿಮ್ಮ ಹಕ್ಕು ನಿಜವಾದದ್ದೇ ಇರಬಹುದು. ಆದರೆ ಕಡತದಲ್ಲಿ ಒಂದು ಖೋಟಾ ಕಾಗದ ಸೇರಿದರೆ, ಎದುರು ಪಕ್ಷದವರು ಅದೊಂದನ್ನೇ ಹಿಡಿದುಕೊಂಡು ಮಿಕ್ಕ ಅಸಲಿ ಕಾಗದಗಳನ್ನೂ ಸಂಶಯಕ್ಕೆ ಎಳೆಯುತ್ತಾರೆ. ಇಂಥ ಕೇಸುಗಳಲ್ಲಿ ಎದುರಿನ ವಕೀಲನಾಗಿ ನಾನೂ ಅದನ್ನೇ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು, ಆಗ ಮಾತ್ರ ರಕ್ಷಣೆ. ಆ 25 ಸಾವಿರದಲ್ಲಿ ಒಂದು ಪಾಲು ಒಳಗೆ ಹೋಗುತ್ತದೆ ಎಂದು ಏಜೆಂಟ್ ಬಾಯಿಬಿಟ್ಟು ಹೇಳಿದರೆ, ಅಲ್ಲಿಂದ ಎದ್ದು ಬನ್ನಿ. ಮಹಾರಾಷ್ಟ್ರದ ಭ್ರಷ್ಟಾಚಾರ ನಿಗ್ರಹ ದಳದ ಸಹಾಯವಾಣಿ 1064.

ಈಗ ನಿಮ್ಮ ಚಿಂತೆಗೆ ಬರೋಣ. ಪತ್ರದಲ್ಲಿ ಎರಡು ಬೇರೆ ಪ್ರಶ್ನೆಗಳು ಕಲಸಿಕೊಂಡಿವೆ. ಕಾಗದ ಹೇಗೆ ಸಿಗುತ್ತದೆ ಎಂಬುದು ಒಂದು. ಖೋಲಿ ಯಾರದು ಎಂಬುದು ಇನ್ನೊಂದು. ಮಾಹಿತಿ ಹಕ್ಕು ಕಾಯ್ದೆ (ಆರ್‌ಟಿಐ) ಮೊದಲನೆಯದಕ್ಕೆ ಮಾತ್ರ. ಖೋಲಿ ಯಾರದೆಂದು ತೀರ್ಮಾನಿಸುವ ಅಧಿಕಾರ ಮಾಹಿತಿ ಅಧಿಕಾರಿಗೂ ಇಲ್ಲ, ಮಾಹಿತಿ ಆಯೋಗಕ್ಕೂ ಇಲ್ಲ. "ನನ್ನ ತಂದೆಯ ಹೆಸರು ಯಾಕೆ ತೆಗೆದಿರಿ?" ಎಂದು ಆರ್‌ಟಿಐಯಲ್ಲಿ ಕೇಳಿದರೆ "ಪ್ರಶ್ನಾರ್ಥಕ ಸ್ವರೂಪದ್ದು, ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ" ಎಂದು ಒಂದೇ ಸಾಲಿನ ಉತ್ತರ ಬರುತ್ತದೆ. ಅದು ಉಡಾಫೆ ಅಂತ ಅನಿಸುತ್ತದೆ. ಆದರೆ ಕಾನೂನಿನ ಪ್ರಕಾರ ಸರಿ. 'ಯಾಕೆ' ಎಂಬುದು ಮಾಹಿತಿ ಅಲ್ಲ ಎಂದು ಬಾಂಬೆ ಹೈಕೋರ್ಟಿನ ಗೋವಾ ಪೀಠ 2008ರಲ್ಲೇ ಹೇಳಿದೆ. ಇರುವ ದಾಖಲೆ ಕೊಟ್ಟರೆ ಸಾಕು, ಹೊಸದಾಗಿ ಉತ್ತರ ತಯಾರಿಸಿ ಕೊಡಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು.

ಆದ್ದರಿಂದ ಪ್ರಶ್ನೆ ಕೇಳಬೇಡಿ, ಕಾಗದ ಕೇಳಿ. ಕಾಗದ ಕೇಳಬೇಕಾದರೆ ಅದರ ಹೆಸರು ಗೊತ್ತಿರಬೇಕು. ಹೆಸರು ಗೊತ್ತಾಗಬೇಕಾದರೆ, ಆ ಕಾಲದಲ್ಲಿ ನಿಮ್ಮ ತಂದೆಯ ಬಗ್ಗೆ ಯಾವ ಕಚೇರಿ, ಯಾವ ಕೆಲಸಕ್ಕೆ, ಯಾವ ಪುಸ್ತಕದಲ್ಲಿ ಬರೆದಿಟ್ಟಿತು ಎಂದು ಯೋಚಿಸಬೇಕು. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಒಂದೇ ಕಚೇರಿಗೆ ಹತ್ತು ಸಲ ಹೋಗುತ್ತಾರೆ. ಅದೇ ಸಂಗತಿ ಇನ್ನೂ ನಾಲ್ಕು ಕಚೇರಿಗಳಲ್ಲಿ ಬರೆದಿದೆ ಎಂದು ಅವರಿಗೆ ಹೊಳೆದಿರುವುದಿಲ್ಲ.

ನಿಮ್ಮ ಕಟ್ಟಡ ಹೆಚ್ಚುಕಮ್ಮಿ ಖಂಡಿತ ಸೆಸ್ ಕಟ್ಟಡ. ಅಂದರೆ 1969ರ ಸೆಪ್ಟೆಂಬರ್ 30ಕ್ಕಿಂತ ಮೊದಲು ಕಟ್ಟಿದ, ರಿಪೇರಿ ಸೆಸ್ ಎಂಬ ತೆರಿಗೆ ಕಟ್ಟುವ ಬಾಡಿಗೆ ಕಟ್ಟಡ. ಇಂಥವುಗಳನ್ನು ನೋಡಿಕೊಳ್ಳುವುದು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಮುಂಬಯಿ ಕಟ್ಟಡ ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿ. ರೀಡೆವಲಪ್‌ಮೆಂಟ್ ನಡೆಯುವುದು ಸಾಮಾನ್ಯವಾಗಿ ಮುಂಬಯಿಯ ಕಟ್ಟಡ ನಿಯಮಾವಳಿಯಾದ ಡಿಸಿಪಿಆರ್ 2034ರ 33(7) ನಿಯಮದಡಿ. ಅದಕ್ಕೆ ಬಾಡಿಗೆದಾರರ ಪಟ್ಟಿಯನ್ನು ಮಂಡಳಿ ದೃಢೀಕರಿಸಬೇಕು. ಬಿಲ್ಡರ್ ಕೈಯಲ್ಲಿರುವ ಪಟ್ಟಿ ಅವನೇ ಮಾಡಿದ ಕರಡೋ, ಮಂಡಳಿ ದೃಢೀಕರಿಸಿದ್ದೋ ಎಂದು ನಿಮಗೆ ಇನ್ನೂ ಗೊತ್ತಿಲ್ಲ. ಎರಡಕ್ಕೂ ಅಜಗಜಾಂತರ. ಬಿಲ್ಡರ್ ಖಾಸಗಿಯವನು, ಅವನ ಮೇಲೆ ಆರ್‌ಟಿಐ ನಡೆಯುವುದಿಲ್ಲ. ಆದರೆ ಅವನು ಮಂಡಳಿಗೆ ಕೊಟ್ಟ ಅರ್ಜಿ, ನಕ್ಷೆ, ಬಾಡಿಗೆದಾರರ ಸಮ್ಮತಿ ಪತ್ರ, ಪಟ್ಟಿ ಎಲ್ಲವೂ ಸರ್ಕಾರಿ ಕಡತದಲ್ಲಿ ಸೇರಿದ ಮೇಲೆ ಸರ್ಕಾರಿ ದಾಖಲೆಯೇ.

ಈ ನಿಯಮದಲ್ಲಿ ನಿಮಗೆ ಮುಖ್ಯವಾದ ಒಂದು ತಾರೀಖು ಇದೆ. 1996ರ ಜೂನ್ 13. ಅದಾದ ಮೇಲೆ ಹುಟ್ಟಿದ ಹೊಸ ಬಾಡಿಗೆದಾರಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ನೀವು ಹುಡುಕಬೇಕಾದದ್ದು ಆ ದಿನಕ್ಕಿಂತ ಹಿಂದಿನ ಕಾಗದ. 2015ರ ಲೈಟ್ ಬಿಲ್ ಹತ್ತು ಇದ್ದರೂ 1990ರ ಒಂದು ಕಾಗದಕ್ಕೆ ಸಮವಲ್ಲ.

ಹಾಗೆ ನೋಡಿದರೆ ಮೊದಲು ಹೋಗಬೇಕಾದ ಜಾಗ ಮ್ಹಾಡಾ ಕೂಡ ಅಲ್ಲ, ಮಹಾನಗರಪಾಲಿಕೆಯ ಅಸೆಸ್‌ಮೆಂಟ್ ವಿಭಾಗ. ಪರೇಲ್ ಬರುವುದು ಎಫ್ ಸೌತ್ ವಾರ್ಡಿಗೆ. ಆಸ್ತಿ ತೆರಿಗೆ ಕಟ್ಟುವುದು ಮಾಲೀಕನಾದರೂ, ತೆರಿಗೆ ಲೆಕ್ಕ ಹಾಕಲು ಹಿಂದೆ ಪಾಲಿಕೆಯ ಇನ್‌ಸ್ಪೆಕ್ಟರ್ ಬಂದು ಪ್ರತಿ ಖೋಲಿಯಲ್ಲಿ ಯಾರಿದ್ದಾರೆ, ಬಾಡಿಗೆ ಎಷ್ಟು, ಯಾವ ಉಪಯೋಗ ಎಂದು ಬರೆದುಕೊಳ್ಳುತ್ತಿದ್ದ. ಆ ಪುಸ್ತಕದ ಉತಾರವೇ (ನಕಲು) ಇನ್‌ಸ್ಪೆಕ್ಷನ್ ಎಕ್ಸ್‌ಟ್ರಾಕ್ಟ್. ಮುಂಬಯಿಯ ಪಗಡಿ ವ್ಯವಹಾರದಲ್ಲಿ ಇದಕ್ಕಿರುವ ತೂಕ ಬೇರೆ ಕಾಗದಕ್ಕಿಲ್ಲ. ಮಾಲೀಕನಿಗಾಗಲಿ ಬಾಡಿಗೆದಾರನಿಗಾಗಲಿ ಸಂಬಂಧವಿಲ್ಲದ ಮೂರನೆಯವನು, ಜಗಳ ಹುಟ್ಟುವ ಎಷ್ಟೋ ವರ್ಷ ಮೊದಲೇ ಬರೆದದ್ದು, ಅದಕ್ಕೆ. 1995-96ರ ಆಸುಪಾಸಿನದು ಒಂದು, ಅದಕ್ಕಿಂತ ಹಳೆಯದು ಸಿಕ್ಕರೆ ಇನ್ನೊಂದು ಕೇಳಿ. ಇದಕ್ಕೆ ನೇರವಾಗಿ ಅರ್ಜಿ ಹಾಕಿ ಶುಲ್ಕ ಕಟ್ಟುವ ದಾರಿ ಇದೆ. ಮೊದಲು ಅದನ್ನೇ ನೋಡಿ. ಎಲ್ಲದಕ್ಕೂ ಆರ್‌ಟಿಐ ಎಂದು ಹೊರಡುವುದು ಸುಮ್ನೆ 30 ದಿನ ಕಳೆಯುವ ಉಪಾಯ. ಅವರು ಕೊಡದೆ ಸತಾಯಿಸಿದರೆ ಆಗ ಆರ್‌ಟಿಐ.

ನೀವು ಹುಟ್ಟಿದಾಗಿನ ಜನನ ನೋಂದಣಿಯಲ್ಲಿ ತಂದೆತಾಯಿಯ ವಿಳಾಸ ಇರುತ್ತದೆ. ಅದು ಪಾಲಿಕೆಯ ಆರೋಗ್ಯ ವಿಭಾಗದ ದಾಖಲೆ. ಮನೆಯಲ್ಲಿರುವ ಜನನ ಪ್ರಮಾಣಪತ್ರದಲ್ಲಿ ವಿಳಾಸ ಬಿಟ್ಟುಹೋಗಿದ್ದರೂ ಮೂಲ ರಿಜಿಸ್ಟರಿನ ಉತಾರದಲ್ಲಿ ಇರಬಹುದು. ಹಳೆಯ ಮತದಾರರ ಪಟ್ಟಿ, ರೇಷನ್ ಕಚೇರಿಯ ದಾಖಲೆ, ವಿದ್ಯುತ್ ಕೊಡುವ ಬೆಸ್ಟ್ ಸಂಸ್ಥೆಯ ಮೀಟರ್ ದಾಖಲೆ, ಇವೂ ಇವೆ. ನಿಮ್ಮ ತಂದೆ ಹೋಟೆಲ್ ಅಥವಾ ಕ್ಯಾಂಟೀನ್ ನಡೆಸುತ್ತಿದ್ದರೆ ಗುಮಾಸ್ತಾ ಲೈಸೆನ್ಸಿನ (ಅಂಗಡಿ, ಹೋಟೆಲ್‌ಗಳ ನೋಂದಣಿ) ಅರ್ಜಿಯಲ್ಲಿ ಮನೆಯ ವಿಳಾಸ ಬರೆದಿರುತ್ತಾರೆ. ಮಾಲೀಕನ ಜೊತೆ ಎಂದಾದರೂ ಕೇಸ್ ನಡೆದಿತ್ತೇ ಎಂದು ತಾಯಿಯನ್ನು ಕೇಳಿ. ನಡೆದಿದ್ದರೆ ಬಾಡಿಗೆ ವ್ಯಾಜ್ಯಗಳನ್ನು ನೋಡುವ ಧೋಬಿ ತಲಾವ್‌ನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಕಡತ ಇದ್ದೀತು. ಅದು ಬಂಗಾರ. ಆದರೆ ಕೋರ್ಟಿನ ಕಾಗದಕ್ಕೆ ಆರ್‌ಟಿಐ ಹಾಕಬೇಡಿ. ಕೋರ್ಟಿನ ನಿಯಮದಂತೆಯೇ ದೃಢೀಕೃತ ಪ್ರತಿ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ.

ಹುಡುಕುವಾಗ ನಮ್ಮವರಿಗೇ ಇರುವ ಒಂದು ತೊಡಕು ಗಮನದಲ್ಲಿರಲಿ. ಮುಂಬಯಿಯ ಕಚೇರಿಗಳಲ್ಲಿ ಹೆಸರು ಬರೆಯುವ ಕ್ರಮ ಸ್ವಂತ ಹೆಸರು, ತಂದೆಯ ಹೆಸರು, ಆಡನಾಂವ್ (ಅಡ್ಡಹೆಸರು). ನಮ್ಮ ಊರಿನವರಿಗೆ ಹಿಂದೆ ಇನಿಶಿಯಲ್ ಇತ್ತು, ಮನೆತನದ ಹೆಸರು ಇತ್ತು, ಒಮ್ಮೊಮ್ಮೆ ಜಾತಿಯ ಹೆಸರು ಸೇರುತ್ತಿತ್ತು, ಒಮ್ಮೊಮ್ಮೆ ಇಲ್ಲ. ಕೆ. ಶೀನಪ್ಪ ಎಂಬುವರು ಒಂದು ಕಡೆ ಶಿನಾಪಾ ಕೆ., ಇನ್ನೊಂದು ಕಡೆ ಸೀನಾ ಶೆಟ್ಟಿ, ಮತ್ತೊಂದು ಕಡೆ ಬರೀ 'ಅಣ್ಣಾ ಹೋಟೆಲ್‌ವಾಲೆ' ಆಗಿರುವುದನ್ನು ನಾನು ಕಂಡಿದ್ದೇನೆ. ಗುಮಾಸ್ತ ಹೆಸರು ಹುಡುಕುತ್ತಾನೆ, ಸಿಗುವುದಿಲ್ಲ, "ನೋಂದ್ ನಾಹಿ" (ನಮೂದು ಇಲ್ಲ) ಎಂದು ಬರೆದುಕೊಡುತ್ತಾನೆ. ಹಾಗಾಗಿ ಹೆಸರಿನ ಮೇಲೆ ಹುಡುಕಿಸಬೇಡಿ. ಖೋಲಿಯ ನಂಬರು, ಮಹಡಿ, ಚಾಳಿನ ಹೆಸರು, ಆಸ್ತಿ ತೆರಿಗೆ ಬಿಲ್ಲಿನ ಖಾತೆ ನಂಬರು, ಜಾಗದ ಸಿ.ಎಸ್. ನಂಬರು (ಸರ್ವೆ ನಂಬರು) ಕೊಡಿ. ಖೋಲಿಯ ನಂಬರು ನಡುವೆ ಬದಲಾಗಿದ್ದರೆ ಹಳೆಯದು, ಹೊಸದು ಎರಡನ್ನೂ ಬರೆಯಿರಿ. ಹೆಸರು ಬೇರೆ ಬೇರೆ ರೂಪದಲ್ಲಿ ಸಿಕ್ಕರೆ ಗಾಬರಿ ಬೇಡ. ಅವರೆಲ್ಲ ಒಬ್ಬರೇ ಎಂದು ತಾಯಿ ಅಫಿಡವಿಟ್ ಮಾಡಬಹುದು. ತೀರಿಹೋದವರ ಹೆಸರನ್ನು ಗೆಜೆಟ್‌ನಲ್ಲಿ ಬದಲಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಆರ್‌ಟಿಐ ಅರ್ಜಿ. ಮರಾಠಿಯಲ್ಲೇ ಬರೆಯಬೇಕು ಎಂಬುದು ಸುಳ್ಳು. ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ, ಯಾವುದರಲ್ಲಾದರೂ ಬರೆಯಬಹುದು. ಕನ್ನಡದಲ್ಲಿ ಮುಂಬಯಿಯಲ್ಲಿ ನಡೆಯುವುದಿಲ್ಲ. ಬರೆಯಲು ಬಾರದವರಿಗೆ ಬಾಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು ಎಂದು ಕಾಯ್ದೆಯಲ್ಲಿದೆ. ಆದರೂ ನನ್ನ ಸಲಹೆ, ಗೊತ್ತಿರುವ ಒಬ್ಬರಿಂದ ಮರಾಠಿಯಲ್ಲಿ ಬರೆಸಿ. ಕಾನೂನಿಗಾಗಿ ಅಲ್ಲ. ಅರ್ಜಿ ಕೊನೆಗೆ ಹೋಗಿ ಬೀಳುವುದು ದಫ್ತರಿನ ಗುಮಾಸ್ತನ ಮೇಜಿನ ಮೇಲೆ. ಅವನಿಗೆ ಒಂದೇ ಓದಿನಲ್ಲಿ ಅರ್ಥವಾದರೆ ನಿಮ್ಮ ಕೆಲಸ ಬೇಗ. ಉತ್ತರ ಮರಾಠಿಯಲ್ಲಿ ಬರುತ್ತದೆ, ಅದನ್ನು ಅನುವಾದಿಸಿ ಕೊಡುವ ಹೊಣೆ ಅವರಿಗಿಲ್ಲ.

ಕಾರಣ ಬರೆಯಬೇಕು ಎಂಬುದೂ ಸುಳ್ಳು. ಕಲಂ 6(2) ಅದನ್ನು ನೇರವಾಗಿ ತಡೆಯುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. 2025ರ ನವೆಂಬರ್‌ನಿಂದ ಕಲಂ 8(1)(ಜೆ) ಬದಲಾಗಿದೆ. ಮೊದಲು ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಒಬ್ಬರ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ತಡೆಯಬಹುದಿತ್ತು. ಈಗ ವೈಯಕ್ತಿಕ ಮಾಹಿತಿ ಎಂದರೆ ಸಾಕು, ತಡೆಯಬಹುದು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದು ಎನ್ನುವ ಕಲಂ 8(2) ಉಳಿದಿದೆ, ಆದರೆ ಅದನ್ನು ವಾದಿಸಿ ಗೆಲ್ಲಬೇಕು. ಈ ತಿದ್ದುಪಡಿ ನನಗೆ ಹಿಡಿಸಿಲ್ಲ. ಆದರೆ ಕಾನೂನು ಈಗ ಹೀಗಿದೆ, ಅದಕ್ಕೆ ತಕ್ಕಂತೆ ಬರೆಯಬೇಕು. ಕಾರಣ ಬರೆಯಬೇಡಿ, ಆದರೆ ಸಂಬಂಧ ತೋರಿಸಿ. ತಂದೆಯ ಮರಣ ಪ್ರಮಾಣಪತ್ರ ಮತ್ತು ನೀವು ಅವರ ಮಗಳು ಎಂಬುದಕ್ಕೆ ಒಂದು ಕಾಗದ, ಇವೆರಡರ ನಕಲು ಲಗತ್ತಿಸಿ. ಇಡೀ ಕಟ್ಟಡದ ಬಾಡಿಗೆದಾರರ ಪಟ್ಟಿ ಕೇಳಿದರೆ ಬೇರೆಯವರ ವೈಯಕ್ತಿಕ ಮಾಹಿತಿ ಎಂದು ತಳ್ಳಬಹುದು. ನಿಮ್ಮ ಖೋಲಿಯ ಸಾಲು ಮಾತ್ರ ಕೇಳಿದರೆ ತಳ್ಳುವುದು ಕಷ್ಟ. ಆ ಸಾಲಿನಲ್ಲಿ ಈಗ ಬೇರೆಯವರ ಹೆಸರಿರುವುದರಿಂದ ಅವರಿಗೆ ನೋಟಿಸ್ ಹೋಗಬಹುದು. ಅವರು ಆಕ್ಷೇಪ ಹೇಳಲೂಬಹುದು. ಅವರ ಆಕ್ಷೇಪವನ್ನು ಕೇಳಬೇಕು, ಅಷ್ಟೇ. ಅದೇ ಕೊನೆಯ ಮಾತಲ್ಲ.

ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದೊಳಗೆ. ಕರ್ನಾಟಕದಲ್ಲೂ ಇಂಥ ಮಿತಿ ಇದೆ, ಊರಲ್ಲಿ ಆರ್‌ಟಿಐ ಹಾಕಿದವರಿಗೆ ಗೊತ್ತಿರುತ್ತದೆ. ನಮೂನೆಯ ಹೆಸರು ಜೋಡಪತ್ರ 'ಅ'. ಶುಲ್ಕ 10 ರೂಪಾಯಿ. ಅದನ್ನು ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಕಟ್ಟಬಹುದು. ರೆವೆನ್ಯೂ ಸ್ಟಾಂಪ್ ಅಂಟಿಸಿ ಅರ್ಜಿ ವಾಪಸ್ ಬರಿಸಿಕೊಂಡವರು ಬಹಳ ಜನ. ಎರಡೂ ಬೇರೆ. ಮ್ಹಾಡಾಕ್ಕೆ ಬರೆಯುವ ಅರ್ಜಿಯ ಒಡಲು ಹೆಚ್ಚುಕಮ್ಮಿ ಹೀಗಿರಲಿ:

"ಪರೇಲ್ ವಿಭಾಗದ ಇಂಥ ಸಿ.ಎಸ್. ನಂಬರಿನ ಜಾಗದಲ್ಲಿರುವ ಇಂಥ ಚಾಳಿನ ಪುನರ್ವಿಕಾಸದ ಕಡತದಿಂದ ಈ ಕೆಳಗಿನವುಗಳ ದೃಢೀಕೃತ ಪ್ರತಿ ಕೊಡಿ. ಮಂಡಳಿ ದೃಢೀಕರಿಸಿದ ಬಾಡಿಗೆದಾರರ ಪಟ್ಟಿಯಲ್ಲಿ ಖೋಲಿ ನಂಬರ್ ಇಷ್ಟರ ನಮೂದು. ಆ ನಮೂದಿಗೆ ಆಧಾರವಾಗಿ ಸಲ್ಲಿಸಿದ ಕಾಗದಗಳು. ಆ ಖೋಲಿಯ ಹೆಸರಿನಲ್ಲಿ ಕೊಟ್ಟ ಸಮ್ಮತಿ ಪತ್ರ. ಈ ಖೋಲಿಗೆ ಸಂಬಂಧಿಸಿದ ಟಿಪ್ಪಣಿ ಪುಟಗಳು. ಪ್ರತಿ ತೆಗೆಯುವ ಮೊದಲು ಕಡತವನ್ನು ಕಣ್ಣಾರೆ ನೋಡಲು ದಿನ ಮತ್ತು ಸಮಯ ತಿಳಿಸಿ."

ಇದರಲ್ಲಿ ಎರಡನೆಯ ಬೇಡಿಕೆಯೇ ಮುಖ್ಯ. ಬೇರೆಯವರ ಹೆಸರು ಬಂದಿದ್ದರೆ ಯಾವುದೋ ಒಂದು ಕಾಗದದ ಬಲದ ಮೇಲೆ ಬಂದಿರಬೇಕು, ಅಲ್ವಾ? ಮಾಲೀಕ ಬರೆದುಕೊಟ್ಟ ಪತ್ರವೋ, ಹೊಸ ಬಾಡಿಗೆ ರಸೀದಿಯೋ, ನಿಮ್ಮ ತಂದೆ ಖೋಲಿ ಬಿಟ್ಟುಕೊಟ್ಟರು ಎಂಬ ಸಹಿಯೋ. ಅದು ಕೈಗೆ ಸಿಕ್ಕ ಮೇಲೆ ನಿಮ್ಮ ಕೇಸಿನ ಸ್ವರೂಪವೇ ಬದಲಾಗುತ್ತದೆ. ಏನೂ ಇಲ್ಲ ಎಂದು ಲಿಖಿತವಾಗಿ ಬಂದರೆ ಅದು ಇನ್ನೂ ಒಳ್ಳೆಯದು. 'ದೃಢೀಕೃತ' ಎಂಬ ಪದ ಬಿಡಬೇಡಿ. ಆರ್‌ಟಿಐಯಲ್ಲಿ ದೃಢೀಕೃತ ಪ್ರತಿ ಪಡೆಯುವ ಹಕ್ಕು ಕಾಯ್ದೆಯಲ್ಲೇ ಇದೆ. ಸುಮ್ನೆ ಜೆರಾಕ್ಸ್ ತಂದರೆ ಕೋರ್ಟಿನಲ್ಲಿ ಮತ್ತೆ ಅಲೆದಾಟ.

ಕಡತ ನೋಡುವ ಅವಕಾಶವನ್ನು ಜನ ಬಳಸುವುದೇ ಕಡಿಮೆ. ಮೊದಲ ಒಂದು ಗಂಟೆಗೆ ಶುಲ್ಕವಿಲ್ಲ. ಪ್ರತಿಗೆ ಪುಟಕ್ಕೆ 2 ರೂಪಾಯಿ. ಕಣ್ಣಾರೆ ನೋಡಿದರೆ ಯಾವ ಪುಟ ಬೇಕು, ಪುಟದ ನಂಬರುಗಳಲ್ಲಿ ಎಲ್ಲಿ ಹಾರಿದೆ, ಯಾವ ಕಾಗದ ಆಮೇಲೆ ತುರುಕಿದಂತಿದೆ ಎಲ್ಲ ತಿಳಿಯುತ್ತದೆ. ಜಿಲ್ಲಾ ಮಟ್ಟದ ಕಚೇರಿಗಳಲ್ಲಿ, ಸ್ಥಳೀಯ ಸಂಸ್ಥೆಗಳಲ್ಲಿ ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ನಾಗರಿಕರು ದಾಖಲೆ ನೋಡಬಹುದು ಎಂದು ರಾಜ್ಯ ಸರ್ಕಾರ 2018ರ ನವೆಂಬರ್‌ನಲ್ಲಿ ಜಿಆರ್ (ಸರ್ಕಾರಿ ಆದೇಶ) ಹೊರಡಿಸಿದೆ. ಪುಣೆ ಪಾಲಿಕೆಯಲ್ಲಿ ಈ ಪದ್ಧತಿ ಅದಕ್ಕೂ ಮೊದಲೇ ಇತ್ತು. ಕೆಲವು ಕಚೇರಿಗಳಿಗೆ ಜಿಆರ್‌ನ ನಕಲು ತೋರಿಸಿದ ಮೇಲೆಯೇ ನೆನಪಾಗುವುದು, ಒಂದು ಪ್ರಿಂಟ್ ಜೊತೆಗಿರಲಿ.

ಅರ್ಜಿ ಕೈಯಾರೆ ಕೊಡುವುದಾದರೆ ಆವಕ್ (ಪತ್ರ ಸ್ವೀಕರಿಸುವ) ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಿಕ್ಕಾ (ಮೊಹರು) ಹಾಕಿಸಿಕೊಳ್ಳಿ. ಆ ತಾರೀಖಿನಿಂದಲೇ 30 ದಿನದ ಲೆಕ್ಕ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್. ಮಹಾರಾಷ್ಟ್ರ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲ್ ಇದೆ, ಡೊಂಬಿವಲಿಯಿಂದ ಲೋಕಲ್ ಹಿಡಿಯುವ ಕಷ್ಟ ತಪ್ಪುತ್ತದೆ. ಆದರೆ ಲಗತ್ತುಗಳಿರುವ, ಹಳೆಯ ಕಡತ ಹುಡುಕಬೇಕಾದ ಇಂಥ ಕೆಲಸಕ್ಕೆ ನಾನು ಕಾಗದದ ಅರ್ಜಿಯನ್ನೇ ಇಷ್ಟಪಡುತ್ತೇನೆ. ತಪ್ಪು ಕಚೇರಿಗೆ ಹೋದರೆ ಐದು ದಿನದೊಳಗೆ ಸರಿಯಾದ ಕಡೆಗೆ ಅವರೇ ಕಳಿಸಬೇಕು, ಕಲಂ 6(3). ಪ್ರತಿಗೆ ಹಣ ಕಟ್ಟಿ ಎಂದು ಪತ್ರ ಬಂದರೆ ಬೇಗ ಕಟ್ಟಿ. ಪತ್ರ ಹೊರಟ ದಿನದಿಂದ ನೀವು ಕಟ್ಟುವವರೆಗಿನ ದಿನಗಳು 30ರ ಲೆಕ್ಕದಲ್ಲಿ ಬರುವುದಿಲ್ಲ.

ಇನ್ನು 'ಫೈಲ್ ಸಿಗುತ್ತಿಲ್ಲ'. ನನ್ನ ವೃತ್ತಿಯಲ್ಲಿ ಅತಿ ಹೆಚ್ಚು ಕೇಳಿದ ವಾಕ್ಯ ಇದು. ಎಲ್ಲ ಸಲವೂ ಸುಳ್ಳಲ್ಲ. ಮುಂಬಯಿಯ ಮಳೆ, ಗೆದ್ದಲು, ಕಚೇರಿಯ ಸ್ಥಳಾಂತರ, ಬೆಂಕಿ ಎಲ್ಲವೂ ನಿಜ. 2012ರಲ್ಲಿ ರಾಜ್ಯದ ಸಚಿವಾಲಯವಾದ ಮಂತ್ರಾಲಯದಲ್ಲೇ ಬೆಂಕಿ ಬಿದ್ದು ಕಡತಗಳು ಸುಟ್ಟವು. ದಾಖಲೆಗಳಿಗೆ ವರ್ಗಗಳೂ ಇವೆ. ಕೆಲವನ್ನು ಕಾಯಂ ಇಡಬೇಕು, ಕೆಲವನ್ನು ಇಂತಿಷ್ಟು ವರ್ಷದ ನಂತರ ನಾಶ ಮಾಡಬಹುದು. ಆದರೆ 'ಸಿಗುತ್ತಿಲ್ಲ' ಎಂಬುದು ಮಾಹಿತಿ ನಿರಾಕರಿಸಲು ಕಾಯ್ದೆಯಲ್ಲಿ ಹೇಳಿದ ಕಾರಣವೇ ಅಲ್ಲ. ಕಡತ ಕಾಣೆಯಾದರೆ ತನಿಖೆ ಮಾಡಿ ಹೊಣೆ ಯಾರದೆಂದು ನಿಗದಿಪಡಿಸಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿತು. ಮಹಾರಾಷ್ಟ್ರಕ್ಕೆ ತನ್ನದೇ ಸಾರ್ವಜನಿಕ ದಾಖಲೆಗಳ ಕಾಯ್ದೆ, 2005 ಇದೆ. ನಿಯಮ ಮೀರಿ ದಾಖಲೆ ನಾಶ ಮಾಡಿದರೆ ಜೈಲು ಶಿಕ್ಷೆಯಿದೆ.

ಬಾಯಿಮಾತಿನಲ್ಲಿ 'ಸಿಗುತ್ತಿಲ್ಲ' ಎಂದರೆ ಜಗಳ ಮಾಡಬೇಡಿ. ಅದನ್ನೇ ಬರೆದುಕೊಡಿ ಎನ್ನಿ. ಬರೆದುಕೊಟ್ಟರೆ ಮುಂದಿನ ಅರ್ಜಿಯಲ್ಲಿ ಮೂರು ಕಾಗದ ಕೇಳಿ: ಕಡತ ಹುಡುಕಿದ್ದಕ್ಕೆ ಇರುವ ವರದಿ, ನಾಶಪಡಿಸಿದ ಕಡತಗಳ ರಿಜಿಸ್ಟರಿನಲ್ಲಿ ಇದರ ನಮೂದು, ಕಾಣೆಯಾಗಿದ್ದರೆ ಪೊಲೀಸರಿಗೆ ಕೊಟ್ಟ ದೂರಿನ ಪ್ರತಿ. ಈ ಮೂರೂ ಇಲ್ಲದಿದ್ದರೆ ಕಡತ ಎಲ್ಲೋ ಇದೆ ಎಂದೇ ಅರ್ಥ. ಈ ಅರ್ಜಿ ಒಳಗೆ ಹೋದ ಮೇಲೆ ಕಾಣೆಯಾದ ಕಡತ ತಾನಾಗಿ ರ‍್ಯಾಕಿನಿಂದ ಇಳಿದು ಬಂದದ್ದು ಹಲವು ಸಲ.

30 ದಿನದಲ್ಲಿ ಉತ್ತರ ಬಾರದಿದ್ದರೆ ನಿರಾಕರಣೆ ಎಂದೇ ಲೆಕ್ಕ. ಆಗ 30 ದಿನದೊಳಗೆ ಅದೇ ಸಂಸ್ಥೆಯ ಹಿರಿಯ ಅಧಿಕಾರಿಗೆ ಮೊದಲ ಅಪೀಲು ಹಾಕಬೇಕು. ಶುಲ್ಕ 20 ರೂಪಾಯಿ. ಕರ್ನಾಟಕದಿಂದ ಬಂದವರು ಈ 20 ರೂಪಾಯಿಯ ಸ್ಟಾಂಪ್ ಮರೆಯುತ್ತಾರೆ. ಅವಧಿ ಮೀರಿದ ಮೇಲೆ ಕೊಡುವ ಪ್ರತಿಗಳಿಗೆ ಹಣ ಕೇಳುವಂತಿಲ್ಲ. ಮೊದಲ ಅಪೀಲಿನ ವಿಚಾರಣೆಗೆ ತಪ್ಪದೆ ಹೋಗಿ. ಅಲ್ಲಿ ಮೇಲಧಿಕಾರಿಯ ಮುಂದೆ ಮಾಹಿತಿ ಅಧಿಕಾರಿ ಕೂತಿರುತ್ತಾನೆ, ಹೆಚ್ಚಿನ ಕೇಸುಗಳು ಇಲ್ಲೇ ಮುಗಿಯುತ್ತವೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯ ಅಪೀಲು. ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಅಲ್ಲಿ ಬಾಕಿ ಅಪೀಲುಗಳು ಬೆಟ್ಟದಷ್ಟಿವೆ. ನಿಮ್ಮ ಸರದಿ ಬರುವಷ್ಟರಲ್ಲಿ ಕಟ್ಟಡವೇ ಇರಲಿಕ್ಕಿಲ್ಲ.

ನಿಮಗಿರುವ ನಿಜವಾದ ಅಪಾಯ ಇದೇ. ಕಚೇರಿಯವರ ಸಿಟ್ಟಿಗಿಂತ ಇದಕ್ಕೆ ಹೆದರಬೇಕು. ಆರ್‌ಟಿಐಯ ಗಡಿಯಾರ ನಿಧಾನ, ಬಿಲ್ಡರನದು ಜೋರು. ಆದ್ದರಿಂದ ಕಾಗದ ಕೈಗೆ ಬರಲಿ ಎಂದು ಕಾಯಬೇಡಿ. ಇವತ್ತೇ ಮಂಡಳಿಗೆ ಲಿಖಿತ ಹರಕತ್, ಅಂದರೆ ಆಕ್ಷೇಪಣೆ, ಕೊಡಿ. ಖೋಲಿ ನಂಬರ್ ಇಷ್ಟರಲ್ಲಿ 1968ರಿಂದ ನಮ್ಮ ವಾಸ, ಪಟ್ಟಿಯ ನಮೂದಿಗೆ ನಮ್ಮ ಆಕ್ಷೇಪವಿದೆ, ನಮ್ಮನ್ನು ಕೇಳದೆ ತೀರ್ಮಾನ ಬೇಡ, ಇಷ್ಟೇ. ಇದಕ್ಕೆ ಆರ್‌ಟಿಐ ನಮೂನೆ ಬೇಕಿಲ್ಲ, ಬಿಳಿ ಕಾಗದ ಸಾಕು. ಸಿಕ್ಕಾ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಖೋಲಿ ಖಾಲಿ ಮಾಡಲು ನೋಟಿಸ್ ಬಂದರೆ ಅಥವಾ ಆಕ್ಷೇಪವನ್ನು ಕಡೆಗಣಿಸಿದರೆ, ಬಾಡಿಗೆದಾರರೆಂದು ಘೋಷಿಸಲು ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗಬೇಕು. ಕೋರ್ಟಿಗೆ ಪಾಲಿಕೆಯ ಮತ್ತು ಮ್ಹಾಡಾದ ಮೂಲ ಕಡತವನ್ನೇ ತರಿಸಿಕೊಳ್ಳುವ ಅಧಿಕಾರ ಇದೆ. ಖರ್ಚು, ವರ್ಷಗಳು ಎರಡೂ ಜಾಸ್ತಿ. ಹಾಗಾಗಿ ಅದು ಕೊನೆಯ ದಾರಿ, ಆದರೆ ಬಾಗಿಲು ತೆರೆದಿರುವ ದಾರಿ.

ಇನ್ನು ಸಿಟ್ಟಿನ ಪ್ರಶ್ನೆ. ಆರ್‌ಟಿಐ ಹಾಕಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರಿಗೆ ಕಿರಿಕಿರಿ ಆಗುತ್ತದೆ. ಆದರೆ ಸಿಟ್ಟು ಬರುವುದು ಹೆಚ್ಚಾಗಿ ಅರ್ಜಿಯ ಭಾಷೆಗೆ. 'ನೀವೆಲ್ಲ ಬಿಲ್ಡರ್ ಜೊತೆ ಸೇರಿಕೊಂಡಿದ್ದೀರಿ' ಎಂದು ಬರೆದ ಅರ್ಜಿಗೂ, ನಾಲ್ಕು ಕಾಗದದ ಹೆಸರು ಮಾತ್ರ ಬರೆದ ಅರ್ಜಿಗೂ ಸಿಗುವ ಮರ್ಯಾದೆ ಬೇರೆ. ಆಪಾದನೆ ಏನಿದ್ದರೂ ಹರಕತ್‌ಗೆ ಇಟ್ಟುಕೊಳ್ಳಿ. ಪಾಲಿಕೆಗೆ, ಮ್ಹಾಡಾಕ್ಕೆ, ರೇಷನ್ ಕಚೇರಿಗೆ ಒಟ್ಟಿಗೇ ಬೇರೆ ಬೇರೆ ಅರ್ಜಿ ಹಾಕಿದರೆ ಒಂದು ಕಚೇರಿಯ ಮುನಿಸು ನಿಮ್ಮನ್ನು ಪೂರ್ತಿ ಕಟ್ಟಿಹಾಕಲಾರದು.

ಕೊನೆಯದಾಗಿ, ಯಾವುದು ಯಾರ ಹೆಸರಿನಲ್ಲಿ ಎಂಬುದು. ಆರ್‌ಟಿಐ ಅರ್ಜಿಯನ್ನು ಯಾವ ನಾಗರಿಕರಾದರೂ ಹಾಕಬಹುದು, ನಿಮ್ಮ ಹೆಸರಿನಲ್ಲೇ ಹಾಕಿ, ತಾಯಿಯನ್ನು ಅಲೆಸಬೇಡಿ. ಆದರೆ ಹರಕತ್ ಮತ್ತು ಮುಂದೆ ಬೇಕಾದರೆ ಕೇಸು, ಎರಡೂ ತಾಯಿಯ ಹೆಸರಿನಲ್ಲೇ ಇರಲಿ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಲಂ 7(15)(ಡಿ) ಪ್ರಕಾರ, ಮನೆ ಬಾಡಿಗೆದಾರ ತೀರಿಕೊಂಡಾಗ ಅವರ ಜೊತೆ ವಾಸವಿದ್ದ ಕುಟುಂಬದವರಿಗೆ ಮೊದಲ ಹಕ್ಕು. 2009ರಲ್ಲಿ ಅವರ ಜೊತೆ ಇದ್ದವರು ನಿಮ್ಮ ತಾಯಿ. ನೀವು ಆಗಲೇ ಡೊಂಬಿವಲಿಯಲ್ಲಿದ್ದಿರಿ ಎಂದಾದರೆ ನಿಮ್ಮ ಹೆಸರು ಮುಂದೆ ಮಾಡುವುದು ಎದುರಿನವರಿಗೆ ಒಂದು ಅಸ್ತ್ರ ಕೊಟ್ಟಂತೆ. ತಾಯಿಯ ಆಧಾರ್, ರೇಷನ್ ಕಾರ್ಡ್, ಮತದಾರರ ಚೀಟಿ ಎಲ್ಲದರಲ್ಲೂ ಪರೇಲ್ ವಿಳಾಸವೇ ಇದೆಯೇ ನೋಡಿ. ನಿಮ್ಮ ಅನುಕೂಲಕ್ಕೆಂದು ಯಾವುದನ್ನಾದರೂ ಡೊಂಬಿವಲಿಗೆ ಬದಲಿಸಿದ್ದರೆ, ಹರಕತ್ ಕೊಡುವ ಮೊದಲು ಅದನ್ನು ನಿಮ್ಮ ವಕೀಲರಿಗೆ ಹೇಳಿಬಿಡಿ.